ಡ್ರಿಲ್ ಮೇಷ್ಟ್ರ ಕರೆಂಟು ಗಾಡಿ

ನನ್ನ ಹೆಂಡತಿ ಅಕ್ಕಯ್ಯಮ್ಮ ತಾನಾಗಿ ಬಾಯಿಬಿಟ್ಟು ಹೊಸದೇನನ್ನಾದರೂ ಕೊಳ್ಳೋಣ ಎಂದವಳೇ ಅಲ್ಲ. ನನ್ನ ಚಪ್ಪಲಿ ಕಿತ್ತುಹೋದರೆ "ಹೊಲಿಸ್ಕೊಳ್ಳಿ" ಎನ್ನುತ್ತಾಳೆ. ಕೊಡೆಯ ಕಡ್ಡಿ ಮುರಿದರೆ "ಈ ಸೀಮೇಲಿ ಮಳೆ ಎಲ್ಲಿ ಬರುತ್ತೆ ಬಿಡಿ" ಎನ್ನುತ್ತಾಳೆ. ಅಂಥವಳು ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಕಾಫಿ ಲೋಟವನ್ನು ನನ್ನ ಕೈಗೇ ತಂದುಕೊಟ್ಟು, "ರೀ, ಒಂದು ಕರೆಂಟು ಗಾಡಿ ತಗೊಳ್ಳಣ" ಎಂದಳು. ಕಾಫಿಗೆ ಸಕ್ಕರೆ ಸರಿಯಾಗಿತ್ತು. ಹಾಲೂ ಗಟ್ಟಿಯಾಗಿತ್ತು. ನನಗೆ ಆಗಲೇ ಅನುಮಾನ ಬಂತು.

ಅನುಮಾನ ಪಡುವುದು ನನಗೆ ವೃತ್ತಿಯಿಂದ ಬಂದ ಗುಣ. ಚಿಂತಾಮಣಿ ತಾಲ್ಲೂಕಿನ ಹೈಸ್ಕೂಲುಗಳಲ್ಲಿ ಇಡೀ ಆಯುಷ್ಯ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತನಾದ ಚೆನ್ನರಾಯಪ್ಪನೇ ನಾನು. ಹೊಟ್ಟೆನೋವು ಎಂದು ಹೊಂಗೆಮರದ ಕೆಳಗೆ ಕೂತ ಹುಡುಗರಲ್ಲಿ ಯಾರದು ನೋವು, ಯಾರದು ನಾಟಕ ಎಂದು ಮೈದಾನದ ಆ ತುದಿಯಿಂದಲೇ ಹೇಳಿಬಿಡುತ್ತಿದ್ದೆ. (ನಿಜವಾಗಿ ನೋಯುವವನು ಮೇಷ್ಟ್ರ ಕಡೆ ನೋಡುವುದಿಲ್ಲ. ನಾಟಕದವನು ಕದ್ದು ಕದ್ದು ನೋಡುತ್ತಾನೆ.) ಅಕ್ಕಯ್ಯಮ್ಮ ಕಾಫಿ ಕೊಟ್ಟು ನನ್ನನ್ನು ಕದ್ದು ಕದ್ದು ನೋಡುತ್ತಿದ್ದಳು.

ಇಲ್ಲಿ ನಿಮಗೊಂದು ಗುಟ್ಟು ಹೇಳಬೇಕು, ನಿಮ್ಮಲ್ಲೇ ಇರಲಿ. ಊರ ಮಕ್ಕಳಿಗೆಲ್ಲ "ಮಂಡಿ ಮಡಿಸ್ದೆ ಕಾಲ್ಬೆರಳು ಮುಟ್ಟೋ" ಎಂದು ಗದರಿದ ನನಗೆ ನನ್ನ ಕಾಲ್ಬೆರಳುಗಳ ಸಂಪರ್ಕ ತಪ್ಪಿ ಬಹಳ ಕಾಲವಾಯಿತು. ಚಪ್ಪಲಿಯೊಳಗೆ ಅವು ಇವೆ ಎಂಬ ನಂಬಿಕೆಯ ಮೇಲೆ ನಡೆಯುತ್ತೇನೆ. ಬಲಗಾಲು ಮೊಳದೆತ್ತರ ಏಳುವಷ್ಟರಲ್ಲಿ ಸೊಂಟ ಮುಷ್ಕರ ಹೂಡುತ್ತದೆ. ಯಾರಾದರೂ ಹಿಂದಿನಿಂದ ಕರೆದರೆ ಕತ್ತು ತಿರುಗುವುದಿಲ್ಲ. ಪೆರೇಡಿನಲ್ಲಿ ತಿರುಗುವ ಹಾಗೆ ಇಡೀ ದೇಹವನ್ನೇ ತಿರುಗಿಸಬೇಕು.

ಹಾಗೆಂದು ನನ್ನ ಹಳೇ ಪೆಟ್ರೋಲ್ ಬೈಕನ್ನು ಬಿಟ್ಟಿರಲಿಲ್ಲ. ಈ ಸೀಮೆಯಲ್ಲಿ ಡ್ರಿಲ್ ಮೇಷ್ಟ್ರು ಇನ್ನೊಬ್ಬರ ಹಿಂದೆ ಕೂತು ಹೋದದ್ದನ್ನು ಕಂಡವರಿಲ್ಲ. ಪೆರೇಡಿನಲ್ಲಿ ಮೇಷ್ಟ್ರು ಸಾಲಿನ ಮುಂದಿರಬೇಕು, ಗಾಡಿಯ ಮೇಲೂ ಹಾಗೆಯೇ. ಹ್ಯಾಂಡಲ್ ಕೈತಪ್ಪಿದ ದಿನ ನನ್ನ ಮೇಷ್ಟ್ರುಗಿರಿಯೂ ಕೈತಪ್ಪುತ್ತದೆ ಎಂಬ ಭಯ ನನಗೆ ನಿಜಕ್ಕೂ ಇತ್ತು. ಅದಕ್ಕೇ ಒಂದು ಉಪಾಯ ಕಂಡುಕೊಂಡಿದ್ದೆ. ನಮ್ಮ ಹಿಪ್ಪುನೇರಳೆ ತೋಟದ ಬಾಯಲ್ಲಿ ಒಂದು ಚಪ್ಪಡಿ ಕಲ್ಲಿದೆ. ಅದರ ಮೇಲೆ ನಿಂತರೆ ಕಾಲು ಎತ್ತಬೇಕಿಲ್ಲ, ಸೀಟಿನ ಆಚೆಗೆ ಜಾರಿಸಿದರೆ ಸಾಕು. ಮನೆಯ ಹತ್ತಿರ ಜಗಲಿ ಆ ಕೆಲಸ ಮಾಡುತ್ತದೆ. ಇಳಿಯುವುದಕ್ಕೂ ಎತ್ತರವೇ ಬೇಕಾದ್ದರಿಂದ ಚಿಂತಾಮಣಿಯಿಂದ ಕೈವಾರದವರೆಗಿನ ಮೋರಿಕಟ್ಟೆ, ಮೈಲಿಗಲ್ಲು, ಅರಳಿಕಟ್ಟೆಗಳೆಲ್ಲ ನನಗೆ ಬಾಯಿಪಾಠ. ಪಕ್ಕದಲ್ಲಿ ಒಂದು ಕಟ್ಟೆಯಿಲ್ಲ ಎಂಬ ಒಂದೇ ಕಾರಣಕ್ಕೆ ಬಹಳ ಒಳ್ಳೆಯ ಇಡ್ಲಿ ಹೋಟೆಲೊಂದನ್ನು ತ್ಯಾಗ ಮಾಡಿದ್ದೇನೆ.

ಈ ವ್ಯವಸ್ಥೆ ಕೆಟ್ಟದ್ದು ಮಾಘಮಾಸದಲ್ಲಿ, ಕೈವಾರದ ಒಂದು ಮದುವೆಯಲ್ಲಿ. ಛತ್ರದ ಹೊರಗೆ ಇಟ್ಟಿಗೆ ರಾಶಿಯ ಪಕ್ಕ ಬೈಕು ನಿಲ್ಲಿಸಿ ಒಳಗೆ ಹೋಗಿದ್ದೆ. ಊಟ ಮುಗಿಸಿ ಬರುವಷ್ಟರಲ್ಲಿ ಯಾರೋ ಪುಣ್ಯಾತ್ಮರು ಇಟ್ಟಿಗೆಯನ್ನೆಲ್ಲ ಟ್ರಾಕ್ಟರಿಗೆ ತುಂಬಿಕೊಂಡು ಹೋಗಿದ್ದರು. ಜನ ನೋಡುತ್ತಿದ್ದಾರೆಂದು ಧೈರ್ಯ ಮಾಡಿ ನೆಲದಿಂದಲೇ ಕಾಲೆತ್ತಿದೆ. ಕಾಲು ಸೀಟಿನವರೆಗೆ ಹೋಯಿತು. ಅಲ್ಲಿಂದ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಅದೇ ಮುಹೂರ್ತಕ್ಕೆ ನನ್ನ ಹಳೇ ಶಿಷ್ಯ ಚಿರಂಜೀವಿ, ಈಗ ಪೊಲೀಸು, ಪಾದಕ್ಕೆ ನಮಸ್ಕಾರ ಮಾಡಲು ಬಂದ. ಒಂದು ಪಾದ ನೆಲದ ಮೇಲೆ, ಇನ್ನೊಂದು ಸೀಟಿನ ಮೇಲೆ. ಅವನು ಸ್ವಲ್ಪ ಯೋಚಿಸಿ, ಕೈಗೆ ಹತ್ತಿರವಾಗಿದ್ದ ಸೀಟಿನ ಮೇಲಿನ ಪಾದವನ್ನೇ ಮುಟ್ಟಿ ಕಣ್ಣಿಗೊತ್ತಿಕೊಂಡ.

"ಏನ್ ಸಾರ್, ಈಗ್ಲೂ ಎಕ್ಸರ್ಸೈಜ್ ಬಿಟ್ಟಿಲ್ಲ ನೀವು!"

"ಬಿಡಬಾರ್ದಪ್ಪ" ಎಂದು ಆ ಭಂಗಿಯಲ್ಲೇ ಆಶೀರ್ವದಿಸಿದೆ. ಅಕ್ಕಯ್ಯಮ್ಮ ತಾಂಬೂಲದ ಚೀಲ ಹಿಡಿದು ಎಲ್ಲವನ್ನೂ ನೋಡಿದಳು. ಒಂದೇ ಒಂದು ಮಾತಾಡಲಿಲ್ಲ. ಅವಳು ಮಾತಾಡದಿದ್ದರೆ ಒಳಗೆ ಏನೋ ಬೇಯುತ್ತಿದೆ ಎಂದೇ ಲೆಕ್ಕ.

ಅಲ್ಲಿಂದ ಶುರುವಾದವು ನೋಡಿ ಅನುಮಾನಾಸ್ಪದ ಚಟುವಟಿಕೆಗಳು. ಪಕ್ಕದ ಮನೆಯ ಯಾಮಿನಿ ಚಿಂತಾಮಣಿಯ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ, ಸ್ಕೂಟರಿನಲ್ಲೇ ಓಡಾಡುತ್ತಾಳೆ. ಅವಳ ಜೊತೆ ಅಕ್ಕಯ್ಯಮ್ಮ ಬೆಳಗಾಗುತ್ತಲೇ "ವಾಕಿಂಗ್" ಹೊರಟಳು. ವಾಕಿಂಗ್ ಮಾಡಿ ಬಂದವರ ಮುಖದಲ್ಲಿ ಬೆವರಿರಬೇಕು. ಇವಳ ಮುಖ ಒಣಗಿರುತ್ತಿತ್ತು, ಕೂದಲು ಮಾತ್ರ ಹಿಂದಕ್ಕೆ ಹಾರಿರುತ್ತಿತ್ತು. ನಡಿಗೆಯಿಂದ ಕೂದಲು ಹಾಗೆ ಹಾರಬೇಕಾದರೆ ಎಷ್ಟು ವೇಗದಲ್ಲಿ ನಡೆಯಬೇಕು? ನಡುವೆ ಒಂದು ದಿನ ಕಣ್ಣು ತೋರಿಸಿಕೊಂಡು ಬರುತ್ತೇನೆಂದು ಚಿಂತಾಮಣಿಗೆ ಹೋದವಳು ಕನ್ನಡಕವೂ ಇಲ್ಲದೆ ವಾಪಸು ಬಂದಳು. ಆಮೇಲೆ ಯುಗಾದಿಗೆ ಅವಳ ತಮ್ಮ ಚಲಪತಿ ಬಂದ. ಚಿಂತಾಮಣಿಯಲ್ಲಿ ಡ್ರಿಪ್ ಪೈಪಿನ ಅಂಗಡಿ ಇಟ್ಟಿರುವ ಮಹಾನುಭಾವ. ಅಕ್ಕ ತಮ್ಮ ಅಡುಗೆಮನೆಯಲ್ಲಿ ತೆಲುಗಿನಲ್ಲಿ ಪಿಸುಗುಟ್ಟಿದರು. (ನನಗೆ ತೆಲುಗು ಬರುವುದಿಲ್ಲವೆಂದಲ್ಲ. ಈ ಸೀಮೆಯಲ್ಲಿ ನಾಯಿಗೂ ಎರಡು ಭಾಷೆ ಬರುತ್ತದೆ. ಆದರೆ ಅವರು ಮಾತಾಡುವಾಗ ಮಿಕ್ಸಿ ಓಡುತ್ತಿತ್ತು.)

ಇದೆಲ್ಲ ಆದ ಮೇಲೆ ಬಂದದ್ದು ಆ ಗಟ್ಟಿ ಹಾಲಿನ ಕಾಫಿ.

"ಇರೋ ಗಾಡಿಗೆ ಏನಾಗಿದೆಯೇ?" ಎಂದು ಗುಡುಗಿದೆ.

"ಗಾಡಿಗೆ ಏನೂ ಆಗಿಲ್ಲ" ಎಂದಳು. ನನ್ನ ಸೊಂಟದ ಕಡೆ ನೋಡಿದಳು.

"ಮತ್ತೆ?"

"ಆ ಪೆಟ್ರೋಲ್ ವಾಸ್ನೆ ಹುಳಕ್ಕೆ ಆಗಲ್ಲ ಅಂತ ಎಷ್ಟ್ ಸಲ ಹೇಳಿಲ್ಲ? ಸೊಪ್ಪು ತರೋಕೆ ಅದು ಬರಲ್ಲ. ತಲೆ ಮೇಲೆ ಹೊತ್ತೂ ಹೊತ್ತೂ ನನ್ನ ಕತ್ತೇ ಹೋಯ್ತು. ಕರೆಂಟು ಗಾಡಿಗೆ ವಾಸ್ನೆ ಇಲ್ವಂತೆ, ಸದ್ದೂ ಇಲ್ವಂತೆ."

ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುವುದು ಅಕ್ಕಯ್ಯಮ್ಮನ ಇಲಾಖೆ. ಮನೆಯ ಹಿಂದಿನ ಹುಳುಮನೆಯಲ್ಲಿ ಅವಳದೇ ಸಾಮ್ರಾಜ್ಯ. ನಾನು ಒಳಗೆ ಕಾಲಿಡಬೇಕಾದರೂ ಕೈಕಾಲು ತೊಳೆದುಕೊಂಡು, ಮುಖಕ್ಕೆ ಪೌಡರ್ ಹಾಕಿಕೊಳ್ಳದೆ ಹೋಗಬೇಕು. ನನ್ನ ಬೈಕಿಗಂತೂ ಆ ಕಡೆ ನಿಷೇಧಾಜ್ಞೆ. ಆದ್ದರಿಂದ ಅವಳ ಮಾತಿನಲ್ಲಿ ನ್ಯಾಯವಿತ್ತು. ಆದರೆ ನ್ಯಾಯವಿದ್ದ ಮಾತ್ರಕ್ಕೆ ಅನುಮಾನ ಹೋಗುತ್ತದೆಯೇ? ಇದು ಚಲಪತಿಯ ಕೆಲಸ, ಅಂಗಡಿಯವನಿಂದ ಅವನಿಗೆ ಏನೋ ಸಿಗುತ್ತದೆ, ವಾಕಿಂಗ್ ಎಂಬುದು ಅವನ ಜೊತೆ ಮಾತುಕತೆಗೆ ಹೋಗುವ ನೆಪ ಎಂದು ತೀರ್ಮಾನಿಸಿದೆ. ನನ್ನ ತೀರ್ಮಾನಗಳು ಸಾಮಾನ್ಯವಾಗಿ ತಪ್ಪುವುದಿಲ್ಲ.

ಚಿಂತಾಮಣಿಯ ಅಂಗಡಿಗೆ ನಾವು ಹೋದಾಗ ಚಲಪತಿ ಆಗಲೇ ಬಾಗಿಲಲ್ಲಿ ನಿಂತಿದ್ದ.

"ರಂಡಿ ಬಾವಾ, ರಂಡಿ! ಬನ್ನಿ ಅಕ್ಕಾ" ಎಂದು ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಬರಮಾಡಿಕೊಂಡ.

"ನೀನ್ಯಾಕಯ್ಯ ಅಂಗಡಿ ಮುಚ್ಕೊಂಡು ಬಂದೆ? ನಿಂಗೆಷ್ಟು ಕೊಡ್ತಾನೆ ಇವ್ನು?"

"ಅಟ್ಲಾ ಕಾದು ಬಾವಾ, ಹಂಗೇನಿಲ್ಲ! ನಂಗೇನ್ ಬರುತ್ತೆ ಇದ್ರಲ್ಲಿ? ಅಕ್ಕ ಬಾ ಅಂದ್ಲು, ಬಂದೆ."

ಅಂಗಡಿಯ ಮೋಹನ್‌ಬಾಬು ನಗುನಗುತ್ತಾ ಬಂದ. ಬಹಳ ನಗುವ ವ್ಯಾಪಾರಿಯನ್ನು ನಾನು ನಂಬುವುದಿಲ್ಲ. ಸ್ಕೂಟರುಗಳ ಕಡೆ ಕಣ್ಣೆತ್ತಿಯೂ ನೋಡದೆ, ಮೂಲೆಯಲ್ಲಿ ಟ್ಯಾಂಕು ಗೀಂಕು ಇಟ್ಟುಕೊಂಡು ಗಂಡಸಿನಂತೆ ನಿಂತಿದ್ದ ಕರೆಂಟು ಬೈಕಿನ ಹತ್ತಿರ ಹೋದೆ. ನೆಲವೆಲ್ಲ ನುಣ್ಣನೆಯ ಟೈಲ್ಸು. ಸುತ್ತ ನೋಡಿದೆ, ಒಂದೂ ಕಟ್ಟೆಯಿಲ್ಲ.

"ಒಂದು ಕುರ್ಚಿ ತರ್ಸಪ್ಪ" ಎಂದೆ.

"ಕೂತ್ಕೊಳ್ಳಕ್ಕಾ ಸಾರ್?"

"ನಿಂತ್ಕೊಳ್ಳಕ್ಕೆ."

"ಗಾಡಿ ಜೊತೆ ಕುರ್ಚೀನೂ ಕೊಡ್ತೀಯೇನಪ್ಪ?" ಎಂದು ಅಕ್ಕಯ್ಯಮ್ಮ ಗಂಭೀರವಾಗಿ ಕೇಳಿದಳು. ಚಲಪತಿ ಬೇರೆ ಕಡೆ ತಿರುಗಿ ಕೆಮ್ಮಿದ. ನಾನು ಕುರ್ಚಿ ಬಂದ ಮೇಲೂ ಅದರ ಮೇಲೆ ಹತ್ತಲು ಇನ್ನೊಂದು ಕುರ್ಚಿ ಬೇಕಾಗಬಹುದೆಂದು ಅಂದಾಜು ಮಾಡಿ, "ಇದ್ರ ಬಣ್ಣ ಸರಿಯಿಲ್ಲ" ಎಂದು ಬೈಕನ್ನು ತಿರಸ್ಕರಿಸಿದೆ.

ಹೀಗೆ ನಾವು ಸ್ಕೂಟರಿಗೆ ಬಂದೆವು. ಸೀಟು ತಗ್ಗು, ಮುಂದೆ ಕಾಲಿಡುವ ಜಾಗ ಅಗಲ. ಹೊಸ್ತಿಲು ದಾಟಿದ ಹಾಗೆ ದಾಟಿ ಕೂರಬಹುದು. ಆದರೆ ಅಕ್ಕಯ್ಯಮ್ಮ ಕೇಳುತ್ತಿದ್ದ ಪ್ರಶ್ನೆಗಳೇ ಬೇರೆ. ಮುಂದೆ ಒಂದು ಹೊರೆ ಸೊಪ್ಪು ಹಿಡಿಯುತ್ತದೆಯೇ? ಹಿಂದಿನ ಸೀಟು ಎಷ್ಟು ಎತ್ತರ? ಹಿಂದೆ ಕೂತವರು ಕಾಲೆಲ್ಲಿ ಇಡಬೇಕು, ಕೈಯಲ್ಲಿ ಏನು ಹಿಡಿಯಬೇಕು? ಓಡಿಸುವವನ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಕೊನೆಗೆ ನನ್ನ ಕಡೆ ತಿರುಗಿ, "ರೀ, ನಾನು ಹೊಸ ಸೀರೆ ಉಟ್ಟಿದೀನಿ. ನೀವೇ ಹಿಂದೆ ಒಂದ್ಸಲ ಕೂತ್ ನೋಡಿ, ಸೀರೆಯವ್ರು ಕೂರೋ ಥರ, ಎರಡೂ ಕಾಲು ಒಂದೇ ಕಡೆ ಹಾಕ್ಕೊಂಡು" ಎಂದಳು.

ಹೆಂಡತಿಯ ಸುಖಕ್ಕಾಗಿ ಗಂಡ ಇಷ್ಟೂ ಮಾಡದಿದ್ದರೆ ಹೇಗೆ? ಗಾಡಿಗೆ ಬೆನ್ನು ಮಾಡಿ ನಿಂತು ಕುರ್ಚಿಯಲ್ಲಿ ಕೂತ ಹಾಗೆ ಕೂತೆ. ಆಶ್ಚರ್ಯ! ಸೊಂಟ ಒಂದು ಮಾತೂ ಆಡಲಿಲ್ಲ. ಕಾಲು ಎತ್ತುವ ಪ್ರಮೇಯವೇ ಇಲ್ಲ. ಆ ಸಂತೋಷದಲ್ಲಿ ನನಗೆ ಪಾಠ ಮಾಡುವ ಹುಮ್ಮಸ್ಸು ಬಂತು.

"ನೋಡಪ್ಪ ಮೋಹನ್‌ಬಾಬು, ಗಾಡಿ ಆರಿಸೋದಿದ್ರೆ ಹಿಂದಿನ ಸೀಟಿಂದ ಆರಿಸ್ಬೇಕು. ಓಡ್ಸೋವ್ರು ಹೆಂಗೋ ಓಡಿಸ್ತಾರೆ. ವಯಸ್ಸಾದವ್ರು, ಮೈ ಬಗ್ಗದವ್ರು ಕೂರೋದು ಹಿಂದೆ. ಬೆನ್ನಿಗೆ ಒರಗು ಬೇಕು. ಕಾಲಿಗೆ ಅಗಲವಾದ ಪಟ್ಟಿ ಬೇಕು. ಸೀರೆ ಚಕ್ರಕ್ಕೆ ಸಿಗದ ಹಾಗೆ ಗಾರ್ಡ್ ಬೇಕು."

"ಇಷ್ಟೆಲ್ಲ ಈ ಮಾಡೆಲ್ಲಿಗೆ ಬರಲ್ಲ ಸಾರ್."

"ಬರಲ್ಲ ಅಂದ್ರೆ? ನಂ ಹೆಂಡ್ತಿ ಬಿದ್ರೆ ನೀನ್ ಬಂದು ಎತ್ತೀಯೇನಯ್ಯ?" ಎಂದು ಅಂಗಡಿ ಹಾರಿಹೋಗುವಂತೆ ಜಗಳ ತೆಗೆದು ಎಲ್ಲವನ್ನೂ ಹಾಕಿಸಿದೆ. ಅಕ್ಕಯ್ಯಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಿಂತಿದ್ದಳು. ಅವಳ ಭುಜ ಅಲುಗುತ್ತಿತ್ತು. ಆನಂದಬಾಷ್ಪ ಎಂದುಕೊಂಡೆ. "ಒಂದ್ ರೌಂಡ್ ಓಡ್ಸಿ ನೋಡಿ ಬಾವಾ" ಎಂದ ಚಲಪತಿಗೆ, "ನಾನೇನು ಎಲ್‌ಕೆಜಿ ಹುಡುಗನೇನೋ?" ಎಂದು ಉತ್ತರಕೊಟ್ಟು, ಹಳೇ ಬೈಕನ್ನು ಅಲ್ಲೇ ಎಕ್ಸ್‌ಚೇಂಜಿಗೆ ಬಿಟ್ಟು ನಿಶ್ಚಿಂತೆಯಿಂದ ಮನೆಗೆ ಬಂದೆ.

ಗಾಡಿ ಮನೆಗೆ ಬಂದು ಹುಳುಮನೆಯ ಪಕ್ಕದಲ್ಲೇ ನಿಂತಿತು. ಚಾರ್ಜಿಗೆ ಹಾಕಿದಾಗಲೆಲ್ಲ ನಾನು ರಬ್ಬರ್ ಚಪ್ಪಲಿ ಮೆಟ್ಟಿ, ಒಂದು ಬಕೀಟು ಮರಳಿಟ್ಟುಕೊಂಡು ಕಾವಲು ಕೂತೆ.

"ಗೋಡೆ ಪಕ್ಕದಲ್ಲೇ ಕರೆಂಟು ಎಳೀತಿದೆ ಕಣೇ. ಹುಳಕ್ಕೆ ಶಾಕ್ ಹೊಡೆದು, ಗೂಡು ಕಟ್ಟೋ ಬದ್ಲು ಬಲ್ಬ್ ಥರ ಉರೀತಾ ಕೂತ್ರೆ?"

"ಉರೀಲಿ ಬಿಡಿ. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್‌ನಲ್ಲಿ ಒಳ್ಳೆ ರೇಟ್ ಸಿಗುತ್ತೆ" ಎಂದು ಅವಳು ಸೊಪ್ಪು ಹರಡುತ್ತಾ ಹೋದಳು.

ಶುಕ್ರವಾರ ಪೂಜೆ. ಹೊಸ ಗಾಡಿ ಮೊದಲು ಕೈವಾರದ ದೇವಸ್ಥಾನಕ್ಕೆ ಹೋಗಿ ಬರಬೇಕೆಂಬುದು ನಮ್ಮ ಮನೆಯ ಪದ್ಧತಿ. ನಾನು ಜರಿಯಂಚಿನ ಪಂಚೆ ಉಟ್ಟು ಸಿದ್ಧನಾದೆ. ಗಾಡಿಗೆ ಅರಿಶಿನ ಕುಂಕುಮ, ಚೆಂಡುಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು ಆಯಿತು. ಹುಳುಗಳು ಆಗಷ್ಟೇ ನಾಲ್ಕನೇ ಜ್ವರದಿಂದ (ಪೊರೆ ಬಿಡುವಾಗಿನ ನಿದ್ದೆಗೆ ಹುಳುಮನೆಯಲ್ಲಿ ಜ್ವರ ಎನ್ನುತ್ತಾರೆ) ಎದ್ದು ಪೊರೆ ಬಿಟ್ಟಿದ್ದವು. ಆ ಹಂತದಲ್ಲಿ ಅವುಗಳಿಗೆ ಎಷ್ಟು ತಿಂದರೂ ಸಾಲದು. ಹಾಗಾಗಿ ಅಂಗಳದ ಆ ತುದಿಯಲ್ಲಿ ಹಿಪ್ಪುನೇರಳೆ ಸೊಪ್ಪಿನ ದೊಡ್ಡ ರಾಶಿ ಬಿದ್ದಿತ್ತು. ಚಲಪತಿ, ಯಾಮಿನಿ ಎಲ್ಲರೂ ನೋಡುತ್ತಿರುವಾಗ ನಾನು ಹೊಸ್ತಿಲು ದಾಟಿದಂತೆ ದಾಟಿ ಸೀಟಿನ ಮೇಲೆ ಪಟ್ಟಾಭಿಷಿಕ್ತನಾದೆ. ಕಟ್ಟೆ ಬೇಕಿಲ್ಲ, ಕಲ್ಲು ಬೇಕಿಲ್ಲ. ಆ ಗಳಿಗೆಯಲ್ಲಿ ಚಲಪತಿಯನ್ನೂ ಕ್ಷಮಿಸಿಬಿಟ್ಟೆ.

ಕೀ ತಿರುಗಿಸಿದೆ. ಸದ್ದಿಲ್ಲ. ಸ್ವಿಚ್ಚು ಒತ್ತಿದೆ. ಆಗಲೂ ಸದ್ದಿಲ್ಲ.

ನನ್ನ ಹಳೇ ಬೈಕಿಗೆ ಒಂದು ಶಾಸ್ತ್ರವಿತ್ತು. ಹೊರಡುವ ಮೊದಲು ಕೂತಲ್ಲೇ ಎಕ್ಸಲೇಟರನ್ನು ಚೆನ್ನಾಗಿ ತಿರುಗಿಸಿ, ಅದರ ಗುಟುರು ಕೇಳಿ, ಊರಿಗೂ ಕೇಳಿಸಿ, ಆಮೇಲೆ ಗೇರ್ ಹಾಕುವುದು. ಸದ್ದು ಕೇಳದೆ ಗಾಡಿ ಬದುಕಿದೆಯೋ ಸತ್ತಿದೆಯೋ ತಿಳಿಯುವುದು ಹೇಗೆ?

"ಸತ್ತಿರೋ ಗಾಡಿ ತಲೆಗೆ ಕಟ್ಟವ್ನೆ ಕಣೇ ಆ ಅಂಗಡಿಯವ್ನು! ನಂಗೆ ಅವತ್ತೇ ಅನುಮಾನ ಇತ್ತು!"

"ಸಾರ್, ಆನ್ ಆಗಿದೆ ಸಾರ್! ತಿರುಗಿಸ್ಬೇಡಿ..." ಎಂದು ಯಾಮಿನಿ ಕೂಗಿದಳು.

"ನಂಗೆ ಹೇಳ್ಕೊಡ್ತೀಯೇನಮ್ಮ?" ಎಂದು, ಊರಿಗೆಲ್ಲ ಕೇಳಿಸುವ ಹಾಗೆ ತಿರುಗಿಸಿದೆ.

ನಿಂಬೆಹಣ್ಣುಗಳು ಸಿಡಿದದ್ದಷ್ಟೇ ಗೊತ್ತು. ಯಾವ ಸದ್ದೂ ಇಲ್ಲದೆ ಅಂಗಳ ಹಿಂದಕ್ಕೆ ಓಡಿತು. ಸದ್ದೆಲ್ಲ ನನ್ನ ಬಾಯಿಯದೇ. ಕಣ್ಣು ಬಿಟ್ಟಾಗ ಸುತ್ತ ಹಸಿರೋ ಹಸಿರು. ಸೊಪ್ಪಿನ ರಾಶಿಯೊಳಗೆ ಎದೆಮಟ್ಟ ಹೂತು ಕೂತಿದ್ದೆ, ಹಾರ ಗಾಡಿಯಿಂದ ಹಾರಿ ನನ್ನ ಕೊರಳಿಗೆ ಬಂದಿತ್ತು.

"ಸೊಪ್ಪು ಹಾಳಾಯ್ತಾ?" ಎಂದು ಅಕ್ಕಯ್ಯಮ್ಮ ಓಡಿಬಂದಳು. ಆಮೇಲೆ, "ಏಟಾಯ್ತೇನ್ರೀ?" ಎಂದಳು. ಪ್ರಶ್ನೆಗಳ ಕ್ರಮವನ್ನು ನಾನು ಗಮನಿಸಿದೆ. ಏಟೇನೂ ಆಗಿರಲಿಲ್ಲ.

ಮೊದಲು ನನ್ನನ್ನು ಎಳೆದು ನಿಲ್ಲಿಸಿದಳು. ಸೆರಗನ್ನು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. ಹೆಲ್ಮೆಟ್ ಹಾಕಿಕೊಂಡಳು. ಗಾಡಿಯನ್ನು ಹಿಂದಕ್ಕೆ ತೆಗೆದು, ಮೇಲೆ ಕೂತು, ಅಂಗಳದಲ್ಲಿ ಎಂಟರ ಆಕಾರದಲ್ಲಿ ಸುತ್ತು ಹಾಕಿ, ಸರಿಯಾಗಿ ನನ್ನ ಮುಂದೆ ತಂದು ನಿಲ್ಲಿಸಿದಳು. ಚಲಪತಿ ಚಪ್ಪಾಳೆ ತಟ್ಟಿದ.

"ಎಲ್ಲೇ ಕಲಿತೆ ಇದನ್ನ?"

"ನಿಮ್ಮ ಸ್ಕೂಲ್ ಮೈದಾನದಲ್ಲೇ. ಯಾಮಿನಿ ಕಲಿಸಿದ್ಲು. ಕಣ್ಣು ತೋರಿಸ್ಕೊಂಡ್ ಬರ್ತೀನಿ ಅಂತ ಚಿಂತಾಮಣಿಗೆ ಹೋಗಿದ್ದೆನಲ್ಲ, ಅದು ಲೈಸೆನ್ಸಿಗೆ."

"ಹಾಗಾದ್ರೆ ಈ ಗಾಡಿ ನಂಗಲ್ವಾ?"

"ನಿಮ್ಗೇ ಕಣ್ರೀ. ಹಿಂದಿನ ಸೀಟು ನಿಮ್ಗೆ ಅಂತಲೇ ತಾನೆ ಅಷ್ಟು ನೋಡಿ ನೋಡಿ ತಗೊಂಡಿದ್ದು?" ಎಂದವಳು ಸ್ವಲ್ಪ ದನಿ ತಗ್ಗಿಸಿದಳು. "ಅವತ್ತು ಛತ್ರದ ಮುಂದೆ ಕಾಲು ಸಿಕ್ಕಾಕ್ಕೊಂಡು ನಿಂತಿದ್ರಲ್ಲ, ನನ್ನ ಜೀವ ಬಾಯಿಗೆ ಬಂದಿತ್ತು. ಎಲ್ಲಾದ್ರೂ ಬಿದ್ದು ಸೊಂಟ ಮುರ್ಕೊಂಡ್ರೆ ನಾನೇನ್ ಮಾಡ್ಲಿ? ಆದ್ರೂ ನಿಮ್ಮ ಆಸೆಗೆ ಒಂದ್ಸಲ ಬಿಟ್ಟು ನೋಡಣ ಅಂತ ಇವತ್ತು ಬಿಟ್ಟೆ. ನೋಡಿದ್ದಾಯ್ತು. ಹತ್ತಿ."

ಮೈದಾನದ ಆ ತುದಿಯಿಂದ ಹೊಟ್ಟೆನೋವಿನ ನಾಟಕ ಕಂಡುಹಿಡಿಯುತ್ತಿದ್ದ ನಾನು, ಅದೇ ಮೈದಾನದಲ್ಲಿ ನನ್ನ ಹೆಂಡತಿ ಸ್ಕೂಟರ್ ಓಡಿಸುತ್ತಿದ್ದುದನ್ನು ಕಂಡುಹಿಡಿಯಲಿಲ್ಲ. ಹಳೇ ಬೈಕು ಬೇರೆ ಇಲ್ಲ. ಗಾಡಿಗೆ ಬೆನ್ನು ಮಾಡಿ ನಿಂತು, ಎರಡೂ ಕಾಲನ್ನು ಒಂದೇ ಕಡೆ ಹಾಕಿ, ಪಂಚೆಯನ್ನು ಸೀರೆ ಗಾರ್ಡಿನ ಮೇಲೆ ಹರಡಿ, ನಾನೇ ಜಗಳವಾಡಿ ಹಾಕಿಸಿದ ಒರಗಿಗೆ ಒರಗಿ ಕೂತೆ. ಬಹಳ ಸುಖವಾಗಿತ್ತು, ಅದೇ ನನಗೆ ಹೆಚ್ಚು ಸಂಕಟ ತಂದದ್ದು.

ಕೈವಾರದಲ್ಲಿ ದೇವಸ್ಥಾನದ ಮುಂದೆ ಬಂದೋಬಸ್ತಿಗೆ ನಿಂತಿದ್ದವನು ಬೇರೆ ಯಾರೂ ಅಲ್ಲ, ಚಿರಂಜೀವಿಯೇ. ಓಡಿಬಂದ. ಈ ಸಲ ನನ್ನ ಎರಡೂ ಪಾದಗಳು ಅಗಲವಾದ ಪಟ್ಟಿಯ ಮೇಲೆ ಪಕ್ಕಪಕ್ಕದಲ್ಲಿ ಇದ್ದುದರಿಂದ ಯಾವ ಗೊಂದಲವೂ ಇಲ್ಲದೆ ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಸೆಟೆದು ನಿಂತು ಒಂದು ಸೆಲ್ಯೂಟ್ ಹೊಡೆದ. ನಾನು ಕೈಯೆತ್ತಿದೆ. ಸೆಲ್ಯೂಟ್ ಹೊಡೆದದ್ದು ಅಕ್ಕಯ್ಯಮ್ಮನಿಗೆ.

ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಹಿಂದಿನ ಸೀಟಿಗೂ ಒಂದು ಗತ್ತಿದೆ, ಮಂತ್ರಿಗಳು ಹಿಂದೆ ತಾನೆ ಕೂರುವುದು? ಹಿಂದಿನಿಂದಲೇ "ಲೆಫ್ಟ್... ರೈಟ್..." ಎಂದು ಆಜ್ಞೆ ಕೊಡಬಹುದು, ಮೇಷ್ಟ್ರುಗಿರಿ ಉಳಿಯುತ್ತದೆ. ಈ ಹೊಸ ಉತ್ಸಾಹದಲ್ಲಿ ಇವತ್ತು ಬೆಳಿಗ್ಗೆ ಸೊಪ್ಪು ತರಲು ತೋಟಕ್ಕೆ ಹೊರಟವಳ ಹಿಂದೆ ನಾನಾಗಿಯೇ ಹತ್ತಿ ಕೂತು, ದಾರಿಯುದ್ದಕ್ಕೂ ಆಜ್ಞೆ ಕೊಡುತ್ತಾ ಬಂದೆ.

ಅವಳು ಸೊಪ್ಪು ಕೊಯ್ದು ಕಟ್ಟಿದಳು. ಒಂದು ಹೊರೆಯನ್ನು ಮುಂದೆ ಕಾಲಿಡುವ ಜಾಗದಲ್ಲಿ ಇಟ್ಟಳು. ಇನ್ನೊಂದು ಹೊರೆಯನ್ನು ಎತ್ತಿ ಹಿಂದಿನ ಸೀಟಿನ ಮೇಲೆ ಕೂರಿಸಿ, ಒರಗಿಗೆ ಬಿಗಿಯಾಗಿ ಹಗ್ಗ ಕಟ್ಟಿದಳು.

"ಲೇ, ನಾನು?"

"ಹುಳ ಹಸ್ಕೊಂಡಿವೆ ರೀ. ಇದನ್ನ ಹಾಕಿ ಇನ್ನೊಂದ್ ಟ್ರಿಪ್ಪಿಗೆ ಬಂದು ನಿಮ್ಮನ್ನ ಕರ್ಕೊಂಡ್ ಹೋಗ್ತೀನಿ. ಅಲ್ಲಿವರ್ಗೂ ನಿಮ್ಮ ಕಲ್ಲಿದೆಯಲ್ಲ, ಅದ್ರ ಮೇಲೆ ಕೂತಿರಿ."

ಸೊಪ್ಪಿನ ಹೊರೆ ನಾನು ಹಾಕಿಸಿದ ಒರಗಿಗೆ ಒರಗಿಕೊಂಡು, ಸದ್ದಿಲ್ಲದೆ ಮನೆಯ ಕಡೆ ಹೊರಟುಹೋಯಿತು. ನಾನು ಚಪ್ಪಡಿ ಕಲ್ಲಿನ ಮೇಲೆ ಕೂತಿದ್ದೇನೆ. ಬಿಸಿಲು ಚೆನ್ನಾಗಿಯೇ ಏರಿದೆ. ಫೋನ್ ಮಾಡಿದರೆ ಎತ್ತುತ್ತಿಲ್ಲ, ಹುಳುಮನೆಯೊಳಗೆ ಅವಳು ಫೋನ್ ಒಯ್ಯುವುದಿಲ್ಲ. ನನ್ನನ್ನು ಮರೆತೇಬಿಟ್ಟಿದ್ದಾಳೆ ಎಂದು ನನಗೆ ಅನುಮಾನ.